ಭಯಾನಕಕ್ಕೂ ಒಂದು ಎಲೆ

ಭಯಾನಕ ಕಾದಂಬರಿಗಳ ಜನಪ್ರಿಯ ಲೇಖಕ ಸ್ಟೀಫನ್ ಕಿಂಗ್ ಅವರಿಗೆ ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರತಿಷ್ಠಾನ 2003ರಲ್ಲಿ ಗೌರವಪದಕವಿತ್ತಾಗ ವಿಮರ್ಶಕ ಹೆರಾಲ್ಡ್ ಬ್ಲೂಮ್ ಕಿಡಿಕಾರಿದರು. ದೆವ್ವದ ಕತೆಗಾರನಿಗೆ ಸಾಹಿತ್ಯದ ಮನ್ನಣೆಯೆ ಎಂಬ ಈ ಮೂಗುಮುರಿತ ನಮ್ಮ ಅಧ್ಯಾಪಕರ ಕೊಠಡಿಗಳಲ್ಲೂ ಉಂಟು. ತರಗತಿಯಲ್ಲಿ ಮೇಜಿನ ಕೆಳಗೆ ಕಿಂಗ್‌ರನ್ನು ಓದುತ್ತಿದ್ದ ಹುಡುಗನೊಬ್ಬನನ್ನು ನಾನೂ ಗದರಿದವನೇ. ಆಗ ನಾನು ಅವರ ಒಂದು ಪುಟವನ್ನೂ ಓದಿರಲಿಲ್ಲ!

ಓದಿದ ಮೇಲೆ ನಾಚಿಕೆಯಾಯಿತು. ‘ದಿ ಶೈನಿಂಗ್’ (1977) ಕಾದಂಬರಿಯಲ್ಲಿ ನಮ್ಮನ್ನು ನಡುಗಿಸುವುದು ಹೋಟೆಲಿನ ಪ್ರೇತಗಳಿಗಿಂತ ಹೆಚ್ಚಾಗಿ, ಕುಡಿತ ಬಿಟ್ಟೂ ಕೋಪ ಬಿಡಲಾರದ ತಂದೆ. ‘ಪೆಟ್ ಸೆಮಟರಿ’ಯಲ್ಲಿ (1983) ಮಗುವಿನ ಸಾವನ್ನು ಒಪ್ಪಲಾರದ ತಂದೆಯ ಶೋಕವೇ ದೆವ್ವ. ಇದು ಅಗ್ಗದ ಸರಕೆ? ಭರತಮುನಿ ರಸಗಳ ಪಂಕ್ತಿಯಲ್ಲಿ ಭಯಾನಕಕ್ಕೂ ಎಲೆ ಹಾಕಿದ್ದಾನೆ. ಆ ಎಲೆಯನ್ನು ಎತ್ತಲು ನಾವು ಯಾರು?

ಹಾಗೆಂದು ಭಕ್ತರ ಭಜನೆಗೆ ನಾನು ತಾಳ ಹಾಕಲಾರೆ. ಸಾವಿರ ಪುಟ ಮೀರಿದ ‘ಇಟ್’ (1986) ಕೃತಿಯಲ್ಲಿ ಬಾಲ್ಯದ ಅಂಜಿಕೆ, ಗೆಳೆತನಗಳ ಚಿತ್ರ ಸೊಗಸು. ಕೊನೆಗೆ ಭೂತವು ಜೇಡವಾಗಿ ಕಣ್ಣೆದುರು ನಿಂತೊಡನೆ ಭಯವೇ ಓಡಿಹೋಗುತ್ತದೆ. ಹೆದರಿಸಲಾಗದಿದ್ದರೆ ಹೇಸಿಗೆ ಹುಟ್ಟಿಸಲೂ ಹಿಂಜರಿಯುವುದಿಲ್ಲವೆಂದು ‘ಡಾನ್ಸ್ ಮಕಾಬ್ರ್’ (1981) ಎಂಬ ವಿವೇಚನಾಗ್ರಂಥದಲ್ಲಿ ಅವರೇ ಒಪ್ಪಿದ್ದಾರೆ. ಭಯಾನಕದಿಂದ ಬೀಭತ್ಸಕ್ಕೆ ಜಾರುವ ಈ ಸುಲಭದ ದಾರಿಯೇ ಅವರ ದೋಷ.

ದೋಷವನ್ನು ಧಾರಾಳವಾಗಿ ಹೇಳೋಣ. ಆದರೆ ಓದಿ ಹೇಳೋಣ. ಓದದೆ ಬೈಯುವ ಮೇಷ್ಟರಿಗಿಂತ, ಹೆದರುತ್ತಲೇ ಪುಟ ತಿರುವಿದ ಆ ಹುಡುಗನೇ ಉತ್ತಮ ವಿಮರ್ಶಕ.