ಮಂಗಟ್ಟೆಯ ಹೆಸರು, ಕಾಡಿನ ಸಾಕ್ಷ್ಯ

ದಾಂಡೇಲಿಯ ಕಾಡುಗಳಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಅವುಗಳಲ್ಲಿ ಬೂದುಬಣ್ಣದ ಎರಡನ್ನು ಛಾಯಾಚಿತ್ರದಲ್ಲಿ ಬೇರ್ಪಡಿಸುವುದು ಸುಲಭವಲ್ಲ. ಭಾರತೀಯ ಬೂದು ಮಂಗಟ್ಟೆಯು ಬಯಲುಸೀಮೆಯ ಊರಮರಗಳಲ್ಲಿಯೂ ಬದುಕುತ್ತದೆ. ಮಲಬಾರ್ ಬೂದು ಮಂಗಟ್ಟೆಗಾದರೋ ಪಶ್ಚಿಮಘಟ್ಟವಲ್ಲದೆ ಬೇರೆ ನೆಲೆಯಿಲ್ಲ.

ಕೊಕ್ಕಿನ ಮೇಲೆ ಕೊಂಬಿನಂತಹ ಉಬ್ಬಿದ್ದರೆ ಭಾರತೀಯ, ಇಲ್ಲದಿದ್ದರೆ ಮಲಬಾರ್ ಎಂಬುದು ರೂಢಿಯ ಸೂತ್ರ. ಆದರೆ ಭಾರತೀಯ ಮಂಗಟ್ಟೆಯ ಎಳೆಯ ಹಕ್ಕಿಗಳಲ್ಲಿ ಆ ಉಬ್ಬು ಮೂಡಿರುವುದಿಲ್ಲ. ಎಲೆಯ ಮರೆ, ಎದುರುಬೆಳಕುಗಳು ಗೊಂದಲವನ್ನು ಹೆಚ್ಚಿಸುತ್ತವೆ. ಆಗ ಕೂಗು ನೆರವಾಗುತ್ತದೆ. ಮಲಬಾರ್ ಮಂಗಟ್ಟೆಯದು ಗಹಗಹಿಸಿ ನಕ್ಕಂತಹ ಕೂಗು. ಇನ್ನೊಂದರದು ಹದ್ದಿನಂತಹ ಕೀರಲು ದನಿ.

2002ರ ಜೀವವೈವಿಧ್ಯ ಕಾಯಿದೆಯನ್ವಯ ಊರೂರಿನಲ್ಲಿ ಸಿದ್ಧವಾಗುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಈ ವ್ಯತ್ಯಾಸ ಮುಖ್ಯ. ಘಟ್ಟಕ್ಕೇ ಸೀಮಿತವಾದ ಹಕ್ಕಿಯನ್ನು ಸಾಮಾನ್ಯವೆಂದು ಬರೆದರೆ ಕಾಡಿನ ಪರವಾದ ಸಾಕ್ಷ್ಯವೊಂದು ಅಳಿಯುತ್ತದೆ. ಸಾಮಾನ್ಯ ಹಕ್ಕಿಯನ್ನು ಅಪರೂಪವೆಂದು ಬರೆದರೆ ಊರವರು ಮಂಡಿಸುವ ಇಡೀ ಪಟ್ಟಿಯನ್ನೇ ಶಂಕಿಸಲು ಅವಕಾಶ ದೊರೆಯುತ್ತದೆ.

ಆದ್ದರಿಂದ ವಿದ್ಯಾರ್ಥಿಗಳು ಚಿತ್ರದೊಂದಿಗೆ ಸ್ಥಳ, ದಿನಾಂಕ, ಕೂಗುಗಳನ್ನೂ ಬರೆದಿಡಬೇಕು; ಆ ಕಾಡಿನಲ್ಲಿ ದಿನವೂ ಓಡಾಡುವ ಹಿರಿಯರನ್ನು ಕೇಳಬೇಕು. ಸಂಶಯ ಉಳಿದರೆ ‘ಬೂದು ಮಂಗಟ್ಟೆ, ಪ್ರಭೇದ ಖಚಿತವಿಲ್ಲ’ ಎಂದು ದಾಖಲಿಸುವುದೇ ಲೇಸು. ಅಂತಹ ದಾಖಲೆಯನ್ನು ಯಾರೂ ಸುಳ್ಳೆನ್ನಲಾರರು.