ಶ್ರುತಿ ಹಾಸಿಗೆಯಾಗಲಿ, ಹೊದಿಕೆಯಾಗದಿರಲಿ

ಕಳೆದ ಶ್ರಾವಣದಲ್ಲಿ ಸಿರವಾರದ ಭಜನೆಯೊಂದಕ್ಕೆ ಹೋಗಿದ್ದೆ. ನಿಮ್ಮಲ್ಲೇ ಒಬ್ಬ ಏಕತಾರಿಯ ಬದಲು ಕೀಬೋರ್ಡ್ ಇಟ್ಟುಕೊಂಡು ‘ಪ್ಯಾಡ್’ ಎಂಬ ದೀರ್ಘನಾದವನ್ನು ನುಡಿಸುತ್ತಿದ್ದ. ಟ್ರಾನ್ಸ್ ಸಂಗೀತದಲ್ಲಿ ಲೀಡ್ ಸಿಂಥ್‌ನ ಹಿಂದೆ ಹರಡಿಕೊಳ್ಳುವ ನಾದವೇ ಅದು ಎಂದು ಅವನೇ ತಿಳಿಸಿದ. ನಾದ ಇಂಪಾಗಿತ್ತು, ಆದರೆ ಹಾಡುವ ಹಿರಿಯರ ಮಾತು ಕೇಳಿಸಲಿಲ್ಲ. ಮೈಕಿನ ಧ್ವನಿ ಏರಿಸಿದರು, ಮೈಕು ಕಿರುಚಿತು. ಮೂರನೆಯ ಪದಕ್ಕೆ ಹಿರಿಯರ ಗಂಟಲು ಕಟ್ಟಿತು.

ಲೀಡ್ ಕೇಳಿಸದಿದ್ದರೆ ಅದನ್ನು ಏರಿಸುವುದಕ್ಕಿಂತ ಮೊದಲು ಪ್ಯಾಡನ್ನು ಇಳಿಸಬೇಕೆಂಬುದು ನನ್ನ ಅಭಿಪ್ರಾಯ. ವ್ಯಂಜನಗಳ ಸ್ಪಷ್ಟತೆ ಬಹುಮಟ್ಟಿಗೆ 2000ದಿಂದ 4000 ಹರ್ಟ್ಸ್‌ಗಳ ಆಸುಪಾಸಿನಲ್ಲಿರುತ್ತದೆ. ಪ್ಯಾಡಿನ ಆ ಭಾಗವನ್ನು ಈಕ್ವಲೈಸರಿನಿಂದ ತುಸು ತಗ್ಗಿಸಿದರೆ ಧ್ವನಿಗೆ ದಾರಿ ದೊರೆಯುತ್ತದೆ. ಟ್ರಾನ್ಸ್ ಸಂಯೋಜಕರು ‘ಸೈಡ್‌ಚೈನ್’ ಮೂಲಕ ಡ್ರಮ್ಮಿನ ಪ್ರತಿ ಪೆಟ್ಟಿಗೂ ಪ್ಯಾಡನ್ನು ಕ್ಷಣಕಾಲ ತಗ್ಗಿಸುತ್ತಾರೆ. ಲೀಡಿಗಾಗಿಯೂ ಹಾಗೆಯೇ ತಗ್ಗಿಸಬಹುದು. ಏಕತಾರಿಗೆ ಇದಾವುದೂ ಬೇಕಿರಲಿಲ್ಲ. ಮೀಟಿದ ತಂತಿಯ ನಾದ ತಾನೇ ಕ್ಷೀಣಿಸುತ್ತದೆ. ಆ ಬಿಡುವಿನಲ್ಲಿ ಮಾತು ಮೂಡುತ್ತದೆ. ಪ್ಯಾಡು ತಾನಾಗಿ ಕ್ಷೀಣಿಸದು. ಆ ವಿನಯವನ್ನು ನುಡಿಸುವವನೇ ತರಬೇಕು.

ಪ್ಯಾಡೇ ಬೇಡವೆಂದಲ್ಲ, ಆಧಾರವಿಲ್ಲದ ಲೀಡ್ ಬಡವಾಗುತ್ತದೆ. ಪ್ಯಾಡು ನಿಂತಾಗ ಕೊರತೆ ಅನಿಸಬೇಕು, ನುಡಿಯುವಾಗ ಗಮನ ಸೆಳೆಯಬಾರದು. ಮಾನ್ವಿಯ ಜಗನ್ನಾಥದಾಸರ ಈ ಸೀಮೆಯಲ್ಲಿ ಪದವೆಂದರೆ ಮೊದಲು ಮಾತು, ಆಮೇಲೆ ನಾದ.

ಮುಂದಿನ ಸೋಮವಾರ ಹುಡುಗ ಪ್ಯಾಡನ್ನು ಇಳಿಸಿದ. ಹಿರಿಯರು ಮಂಗಳದವರೆಗೂ ಹಾಡಿದರು.