ಹಳೆಯ ಅಚ್ಚು, ಹೊಸ ಟ್ಯಾಂಕು

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಗಳಲ್ಲಿ ಮರದ ಅಚ್ಚುಗಳು ತಲೆಮಾರುಗಳ ಕಾಲ ಬಾಳುತ್ತವೆ. ಆನೆಯ ಸೊಂಡಿಲು ಚಿಕ್ಕದಾಯಿತು ಎನಿಸಿದರೆ ಅಚ್ಚನ್ನು ಇನ್ನಷ್ಟು ಕೊರೆದು ಉದ್ದ ಮಾಡಬಹುದು. ಉದ್ದವಾಯಿತು ಎನಿಸಿದರೆ? ಕೊರೆದು ತೆಗೆದ ಮರವನ್ನು ಮತ್ತೆ ತುಂಬುವುದು ಹೇಗೆ? ಪ್ಲಾಸ್ಟಿಕ್ಕಿನ ಮಾದರಿ ಟ್ಯಾಂಕುಗಳನ್ನು ತಯಾರಿಸುವ ಕಂಪೆನಿಗಳನ್ನು ಕಾಡುವುದೂ ಇದೇ ಪ್ರಶ್ನೆ.

ಈ ಮಾದರಿಗಳು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಸಿಗುತ್ತವೆ. ತುಂಡುಗಳನ್ನು ಬಿಡಿಸಿ, ಅಂಟಿಸಿ, ಬಣ್ಣ ಹಚ್ಚಿದರೆ ಯುದ್ಧ ಟ್ಯಾಂಕಿನ ಪುಟ್ಟ ಪ್ರತಿರೂಪ ಸಿದ್ಧ. ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 1:35. ಅಂದರೆ ನಿಜವಾದ ಟ್ಯಾಂಕಿನ 35 ಸೆಂಟಿಮೀಟರು ಮಾದರಿಯಲ್ಲಿ 1 ಸೆಂಟಿಮೀಟರು.

ಇದೇನು, 35ರ ಲೆಕ್ಕ? ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪೆನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ತಯಾರಿಸಿತು. ಅದರೊಳಗೆ ಮೋಟರು ಮತ್ತು ಬ್ಯಾಟರಿ ಕೂರಬೇಕಿತ್ತು. ಅವಕ್ಕೆ ಜಾಗ ಕೊಟ್ಟ ಮೇಲೆ ಅಳೆದು ನೋಡಿದರೆ, ಮಾದರಿ ಅಸಲಿನ ಸುಮಾರು 35ನೇ ಒಂದು ಭಾಗ! ಬ್ಯಾಟರಿ ನಿರ್ಧರಿಸಿದ ಆ ಪ್ರಮಾಣವನ್ನೇ ಮುಂದೆ ಬೇರೆ ಕಂಪೆನಿಗಳೂ ಹಿಡಿದವು.

ತೊಡಕು ಹುಟ್ಟಿದ್ದೂ ಅಲ್ಲಿಯೇ. ಆಗಿನ ಮಾದರಿ ಓಡುವ ಆಟಿಕೆ. ತಳದಲ್ಲಿ ಸ್ವಿಚ್ಚಿಗೊಂದು ಕಿಂಡಿ, ಮೋಟರಿಗಾಗಿ ತೂತುಗಳು. ಚಕ್ರಪಟ್ಟಿಯ ಮೇಲ್ಭಾಗದಲ್ಲಿ ಮುಚ್ಚಿರಬೇಕಾದ ಜಾಗ ಬಟಾಬಯಲು. ಇಂದಿನ ಹವ್ಯಾಸಿ ಟ್ಯಾಂಕನ್ನು ಓಡಿಸುವುದಕ್ಕಿಂತ ಗಾಜಿನ ಬೀರುವಿನಲ್ಲಿ ಇಡುವುದೇ ಹೆಚ್ಚು. ಅಸಲಿನ ಛಾಯಾಚಿತ್ರದೊಂದಿಗೆ ಹೋಲಿಸಿಯೂ ನೋಡುತ್ತಾನೆ.

ಕಂಪೆನಿಯ ಮುಂದಿರುವುದು ಎರಡು ದಾರಿ. ಹಳೆಯ ಅಚ್ಚನ್ನೇ ಇಟ್ಟುಕೊಂಡು ಒಂದಷ್ಟು ಹೊಸ ತುಂಡುಗಳನ್ನು ಪೆಟ್ಟಿಗೆಗೆ ಸೇರಿಸುವುದು ಒಂದು. ಎಲ್ಲವನ್ನೂ ಹೊಸದಾಗಿ ಮಾಡುವುದು ಇನ್ನೊಂದು. ಕರಗಿದ ಪಾಲಿಸ್ಟೈರೀನನ್ನು ಭಾರಿ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿದಾಗ ಈ ತುಂಡುಗಳು ಮೂಡುತ್ತವೆ. ಪ್ಲಾಸ್ಟಿಕ್ಕಿನ ಬೆಲೆ ಅಲ್ಪ, ದುಬಾರಿಯಾದದ್ದು ಅಚ್ಚು. ಅದರ ಖರ್ಚು ಒಮ್ಮೆ ಹುಟ್ಟಿತೆಂದರೆ ಆಮೇಲಿನ ಪೆಟ್ಟಿಗೆಗಳನ್ನು ಅಗ್ಗವಾಗಿ ಮಾರಬಹುದು.

ಹಾಗಾದರೆ ಹಳೆಯದನ್ನೇ ತಿದ್ದಿದರಾಗದೆ? ಇಲ್ಲದ್ದನ್ನು ಸೇರಿಸುವುದು ಸುಲಭ. ಬಯಲಾಗಿರುವ ಜಾಗಕ್ಕೆ ಒಂದು ಹಲಗೆ, ತೂತಿಗೊಂದು ಮುಚ್ಚಳ ಕೊಟ್ಟರಾಯಿತು. ಆದರೆ ಅಳತೆಯೇ ತಪ್ಪಿದ್ದರೆ? ಅಚ್ಚಿನ ಉಕ್ಕನ್ನು ಕೆರೆದಷ್ಟೂ ತುಂಡು ದಪ್ಪವಾಗುತ್ತದೆಯೇ ಹೊರತು ತೆಳ್ಳಗಾಗದು. ಉಕ್ಕನ್ನು ಬೆಸುಗೆ ಹಾಕಿ ತುಂಬುವುದು ಕಷ್ಟದ ಕೆಲಸ.

ಒಂದು ಲೆಕ್ಕ ನೋಡಿ. ಜರ್ಮನಿಯ ಟೈಗರ್ ಟ್ಯಾಂಕಿನ ಒಡಲು ಸುಮಾರು 6.3 ಮೀಟರ್ ಉದ್ದ. ಮಾದರಿಯಲ್ಲಿ ಅದು 18 ಸೆಂಟಿಮೀಟರು. ಮಾದರಿಯಲ್ಲಿ ಬರಿಯ 3 ಮಿಲಿಮೀಟರ್ ತಪ್ಪಿದರೆ ಅಸಲಿನಲ್ಲಿ 105 ಮಿಲಿಮೀಟರ್ ತಪ್ಪಿದಂತೆ. ಟೈಗರಿನ ಮುಂಭಾಗದ ಉಕ್ಕಿನ ಕವಚವೇ 100 ಮಿಲಿಮೀಟರ್ ದಪ್ಪ! ಅಗಲ ತಪ್ಪಿದ ಒಡಲಿನ ಮೇಲೆ ಎಷ್ಟು ಅಂದದ ಬಿಡಿಭಾಗ ಕೂರಿಸಿದರೂ ಅದು ಬುನಾದಿ ಸೊಟ್ಟಗಿರುವ ಮನೆಗೆ ಸುಣ್ಣ ಬಳಿದಂತೆ. ತಮಿಯಾ ಕಂಪೆನಿಯೇ 1960ರ ದಶಕದ ಕೊನೆಯಲ್ಲಿ ಮೋಟರಿನ ಟೈಗರ್ ಮಾಡಿತ್ತು. 1989ರಲ್ಲಿ ಹೊಸ ಅಚ್ಚಿನಿಂದ ಬೇರೆಯೇ ಟೈಗರನ್ನು ಹೊರತಂದಿತು.

ಹಾಗೆಂದು ಹಳೆಯ ಅಚ್ಚುಗಳೆಲ್ಲ ಗುಜರಿಗೆ ಹೋಗಬೇಕಿಲ್ಲ. ಹೊಸ ಮಾದರಿಗಳಲ್ಲಿ ಎಷ್ಟೋ ವೇಳೆ ತುಂಡುಗಳ ಸಂಖ್ಯೆಯೂ ಹೆಚ್ಚು, ಬೆಲೆಯೂ ಹೆಚ್ಚು. ಮೊದಲ ಬಾರಿಗೆ ಅಂಟಿನ ಶೀಶೆ ಹಿಡಿದ ಹನ್ನೆರಡರ ಹುಡುಗನಿಗೆ ಸಾಸಿವೆ ಕಾಳಿನಷ್ಟು ತುಂಡುಗಳನ್ನು ಕೊಟ್ಟರೆ ಅವನು ಅರ್ಧಕ್ಕೇ ಕೈಬಿಟ್ಟಾನು. ಸರಳವಾದ, ಅಗ್ಗವಾದ ಹಳೆಯ ಮಾದರಿ ಅವನಿಗೆ ಒಳ್ಳೆಯ ಮೊದಲ ಪಾಠ. ತಪ್ಪನ್ನು ತಾನೇ ಅಳೆದು ಕಂಡುಹಿಡಿದರೆ ಅದು ಎರಡನೆಯ ಪಾಠ.

ನಿಜವಾಗಿ ತಪ್ಪು ಆಗುವುದು ಹಳೆಯ ತುಂಡುಗಳನ್ನು ಹೊಸ ಚಿತ್ರದ ಪೆಟ್ಟಿಗೆಯಲ್ಲಿ ತುಂಬಿ, ಹೊಸದೆಂಬ ಭ್ರಮೆ ಹುಟ್ಟಿಸಿ ಮಾರಿದಾಗ. ಔಷಧದ ಪೊಟ್ಟಣದ ಮೇಲೆ ತಯಾರಾದ ದಿನಾಂಕ ಇರುವಂತೆ, ಅಚ್ಚು ಕೊರೆದ ವರ್ಷವನ್ನೂ ಪೆಟ್ಟಿಗೆಯ ಮೇಲೆ ಮುದ್ರಿಸಿದರೆ ಯಾರಿಗೂ ಮೋಸವಿಲ್ಲ. ಹಳೆಯದು ಬೇಕಾದವರು ಹಳೆಯದನ್ನು, ಹೊಸದು ಬೇಕಾದವರು ಹೊಸದನ್ನು ತಿಳಿದೇ ಕೊಳ್ಳುತ್ತಾರೆ.